ವ್ಯಸನಿಯು ಅಪರಾಧಿಯೋ, ರೋಗಿಯೋ?

ವ್ಯಸನವೆಂಬ ಶಬ್ದಕ್ಕೆ ಕೆಟ್ಟ ಚಟವೆಂಬ ಅರ್ಥವಿರುವಂತೆಯೇ ದುಃಖ, ವಿಪತ್ತು ಎಂಬ ಅರ್ಥಗಳೂ ಇವೆ. ಹಿರಿಯರು ಮದ್ಯಪಾನವನ್ನು ಸಪ್ತವ್ಯಸನಗಳಲ್ಲಿ ಎಣಿಸಿ, ಅದು ತ್ಯಾಜ್ಯವೆಂದು ಸಾರಿದರು. ಆದರೆ ಈಗಾಗಲೇ ಅದರಲ್ಲಿ ಸಿಲುಕಿರುವವನನ್ನು ಹೇಗೆ ಕಾಣಬೇಕು? ನಿಂದಿಸಿ ದೂರವಿಡಬೇಕೇ, ನೊಂದವನೆಂದು ಹತ್ತಿರ ಕೂರಿಸಿಕೊಳ್ಳಬೇಕೇ?

ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು ಮದ್ರಾಸ್ ಪ್ರಾಂತದ ಪ್ರಧಾನಿಗಳಾಗಿ, 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಜಾರಿಗೆ ತಂದರು. ಅಂದು ಹೊಸೂರು, ಕೃಷ್ಣಗಿರಿ ಎರಡೂ ಆ ಜಿಲ್ಲೆಗೇ ಸೇರಿದ್ದವು. ಅಬಕಾರಿ ಆದಾಯದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂದಿತು. ವರ್ತಕರು ದಶಕಗಳ ಕಾಲ ಬರೆದ ಆ ತೆರಿಗೆಯ ಲೆಕ್ಕಕ್ಕೆ ಹೆಂಡದಂಗಡಿಯ ಬಾಗಿಲು ಮುಚ್ಚಿದ್ದೇ ಮೂಲವೆಂಬುದು ಈಗ ಹಲವರಿಗೆ ತಿಳಿಯದು. 1971ರಲ್ಲಿ ನಿಷೇಧ ತೆರವಾಯಿತು. ಮುಂದೆ ಹಲವು ಏರಿಳಿತಗಳಾಗಿ, 2003ರಲ್ಲಿ ಚಿಲ್ಲರೆ ಮದ್ಯ ಮಾರಾಟವು ಸರ್ಕಾರಿ ನಿಗಮದ ಕೈಸೇರಿತು. ಕಾನೂನು ಅಂಗಡಿಯನ್ನು ಮುಚ್ಚಲೂ ಬಲ್ಲದು, ತೆರೆಯಲೂ ಬಲ್ಲದು. ಅಂಗಡಿ ಮುಚ್ಚಿದ ಸಂಜೆ ಕೈ ನಡುಗುತ್ತ ಮನೆಯ ಮೂಲೆಯಲ್ಲಿ ಕುಳಿತವನ ಬಳಿ ಕೂರುವವರು ಯಾರು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆ ಉತ್ತರವನ್ನು ಚೆನ್ನೈನ ಶ್ರೀಮತಿ ಶಾಂತಿ ರಂಗನಾಥನ್ ಅವರು ತಮ್ಮ ವೃತ್ತಿಜೀವನದಿಂದಲೇ ಕೊಟ್ಟರು. ಅವರ ಪತಿ ಟಿ.ಟಿ. ರಂಗನಾಥನ್, ಕೇಂದ್ರದ ಅರ್ಥಸಚಿವರಾಗಿದ್ದ ಟಿ.ಟಿ. ಕೃಷ್ಣಮಾಚಾರಿಯವರ ಮೊಮ್ಮಗ. ಸಂಪತ್ತಿಗಾಗಲಿ ಹೆಸರಿಗಾಗಲಿ ಕೊರತೆಯಿಲ್ಲದ ಮನೆತನ. ಆದರೂ ಮದ್ಯವ್ಯಸನವು 1979ರಲ್ಲಿ ಆ ಯುವಕನನ್ನು ಬಲಿ ತೆಗೆದುಕೊಂಡಿತು. ಮರುವರ್ಷವೇ ಪತಿಯ ಹೆಸರಿನಲ್ಲಿ ಪ್ರತಿಷ್ಠಾನವೊಂದು ಆರಂಭವಾಯಿತು. ಟಿಟಿಕೆ ಆಸ್ಪತ್ರೆಯೆಂದು ಜನ ಕರೆಯುವ ವ್ಯಸನಮುಕ್ತಿ ಕೇಂದ್ರವು ಅದರದೇ. ಶಾಂತಿಯವರು ಅಮೆರಿಕದಲ್ಲಿ ತರಬೇತಿ ಪಡೆದು ಬಂದು ಈ ಕಾರ್ಯದಲ್ಲಿ ನಿಂತರು. 1992ರಲ್ಲಿ ಪದ್ಮಶ್ರೀ, 1999ರಲ್ಲಿ ವಿಶ್ವಸಂಸ್ಥೆಯ ವಿಯೆನ್ನಾ ನಾಗರಿಕ ಸಮಾಜ ಪ್ರಶಸ್ತಿ ಅವರನ್ನು ಅರಸಿ ಬಂದವು.

ಪ್ರಶಸ್ತಿಗಿಂತ ದೊಡ್ಡ ಸಂಗತಿ ಬೇರೆ ಇದೆ. ಕುಡಿತದಿಂದ ಮಾಂಗಲ್ಯವನ್ನೇ ಕಳೆದುಕೊಂಡವರು ಕುಡುಕರ ಮೇಲೆ ಕೋಪಗೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಅಂಥವರ ಎದುರಿನಲ್ಲೇ ಕುಳಿತು ಅವರ ಮಾತು ಕೇಳುವ ಕೆಲಸವನ್ನು ಆರಿಸಿಕೊಂಡರು. ಕ್ಷಮೆ ಎಂಬ ಗುಣವು ದಿನನಿತ್ಯದ ದುಡಿಮೆಯಾದರೆ ಹೀಗಿರುತ್ತದೆ.

ಆಪ್ತಸಮಾಲೋಚನೆಯೆಂದರೆ ಬುದ್ಧಿವಾದವಲ್ಲ. ಬುದ್ಧಿವಾದವನ್ನು ಕುಡಿಯುವವನು ಊರೆಲ್ಲರಿಂದ ಕೇಳಿರುತ್ತಾನೆ. ದೀರ್ಘಕಾಲ ವಿಪರೀತ ಕುಡಿದವನು ಹಠಾತ್ತನೆ ಬಿಟ್ಟರೆ ನಡುಕ, ಸೆಳವು, ಬುದ್ಧಿಭ್ರಮೆ ಉಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರ ಆರೈಕೆ. ದೇಹವು ಸ್ಥಿಮಿತಕ್ಕೆ ಬಂದ ಮೇಲೆ ಸಮಾಲೋಚಕರ ಕೆಲಸ. ಯಾವ ಹೊತ್ತಿಗೆ, ಯಾರ ಸಹವಾಸದಲ್ಲಿ, ಯಾವ ಸಂಕಟಕ್ಕೆ ಲೋಟ ಕೈಗೆ ಬರುತ್ತದೆಂಬುದನ್ನು ಅವನೇ ಬಿಡಿಸಿ ಹೇಳುವಂತೆ ಮಾಡಬೇಕು. ಹೇಳಿದ್ದನ್ನು ಹೊರಗೆ ಬಿಡಬಾರದು. ಮತ್ತೆ ಕುಡಿದು ಬಂದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು.

ರೋಗವೆಂದು ಒಪ್ಪಿದರೆ ಹೊಣೆ ತಪ್ಪುವುದಿಲ್ಲವೇ ಎಂದು ಕೇಳುವವರಿದ್ದಾರೆ, ಪ್ರಶ್ನೆ ನ್ಯಾಯವಾದುದೇ. ಹೆಂಡತಿಯ ಓಲೆ ಅಡವಿಟ್ಟವನು, ಮಕ್ಕಳ ಮೇಲೆ ಕೈಮಾಡಿದವನು ರೋಗದ ಹೆಸರಿನಲ್ಲಿ ಆ ಲೆಕ್ಕವನ್ನು ಹರಿದುಹಾಕಲಾಗದು. ಸಕ್ಕರೆ ಕಾಯಿಲೆ ಬಂದುದಕ್ಕೆ ರೋಗಿಯನ್ನು ಬೈಯುವುದಿಲ್ಲ. ಆದರೆ ಪಥ್ಯವನ್ನು ಅವನೇ ಮಾಡಬೇಕು. ಮನೆಯವರಿಗೂ ಒಂದು ಪಥ್ಯವುಂಟು. ಸಿಪ್ಕಾಟ್ ಕಾರ್ಖಾನೆಯ ಪಾಳಿಗೆ ಹೋಗದ ಗಂಡನಿಗೆ ಜ್ವರವೆಂದು ಫೋನ್ ಮಾಡುವ ಹೆಂಡತಿ, ಮಗನ ಸಾಲವನ್ನು ಗುಟ್ಟಾಗಿ ತೀರಿಸುವ ತಂದೆ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಚಟ ಅದರ ಆಸರೆಯಲ್ಲಿ ಬೆಳೆಯುತ್ತದೆ. ಆದ್ದರಿಂದಲೇ ಟಿಟಿಕೆ ಆಸ್ಪತ್ರೆಯಲ್ಲಿ ಕುಟುಂಬದವರಿಗೂ ಚಿಕಿತ್ಸೆಯಲ್ಲಿ ಪಾಲಿದೆ.

ಯಜಮಾನ ಕುಳಿತರೆ ಮಾತ್ರ ನಡೆಯುವ ಅಂಗಡಿ ಒಂದು ತಲೆಮಾರಿಗೇ ಮುಗಿಯುತ್ತದೆ. ಶಾಂತಿಯವರ ನಾಯಕತ್ವ ಆ ಬಗೆಯದಲ್ಲ. ಅವರ ಸಂಸ್ಥೆ ಇತರ ಕೇಂದ್ರಗಳ ಸಮಾಲೋಚಕರಿಗೆ ತರಬೇತಿ ನೀಡಿತು, ಕೈಪಿಡಿಗಳನ್ನು ರಚಿಸಿತು. ಆಸ್ಪತ್ರೆಗೆ ಬರಲಾಗದ ಬಡವರಿಗಾಗಿ ಹಳ್ಳಿಗಳಲ್ಲಿ ಶಿಬಿರಗಳನ್ನು ನಡೆಸಿತು. ಕರ್ನಾಟಕದಲ್ಲಿಯೂ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಮದ್ಯವರ್ಜನ ಶಿಬಿರಗಳು ಊರೂರುಗಳಲ್ಲಿ ನಡೆದಿವೆ.

ಹೊಸೂರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್ ದೂರವಲ್ಲ. ಅದು ಇರುವುದೇ ಹೊಸೂರು ರಸ್ತೆಯಲ್ಲಿ; ವ್ಯಸನ ಚಿಕಿತ್ಸೆಗೆಂದೇ ಅಲ್ಲಿ ವಿಭಾಗವಿದೆ. ಆದರೂ ಊರಿನವರು ಕಂಡಾರೆಂಬ ನಾಚಿಕೆಯಿಂದ ಎಷ್ಟೋ ಮನೆಗಳವರು ಬಸ್ಸು ಹತ್ತುವುದಿಲ್ಲ. ಶಿಬಿರವೇ ಊರಿಗೆ ಬರಬೇಕಾದರೆ ಒಬ್ಬ ವೈದ್ಯ, ತರಬೇತಿ ಪಡೆದ ಸಮಾಲೋಚಕರು, ಅಡುಗೆಯವರು, ಒಂದು ವಿಶಾಲ ಸಭಾಂಗಣ ಬೇಕು. ಆಷಾಢದಲ್ಲಿ ಹೊಸೂರು, ಕೃಷ್ಣಗಿರಿಗಳ ಕಲ್ಯಾಣ ಮಂಟಪಗಳು ಬಹುಪಾಲು ಬೀಗ ಹಾಕಿಕೊಂಡೇ ಇರುತ್ತವೆ.