ಅನ್ನಪಾನನಿರೋಧವೂ ಸೌಟಿನ ಅಳತೆಯೂ

ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಬಂಧ, ವಧ, ಛೇದ, ಅತಿಭಾರಾರೋಪಣ ಇವು ನಾಲ್ಕು, ಐದನೆಯದು ಅನ್ನಪಾನನಿರೋಧ. ಕೊಟ್ಟಿಗೆಯ ದನಕರುಗಳಿಗೆ ಮೇವು ನೀರು ತಪ್ಪಿಸಬಾರದೆಂದು ಇದನ್ನು ಅರ್ಥೈಸುವುದು ನಮ್ಮಲ್ಲಿ ವಾಡಿಕೆ. ವಿದ್ಯಾರ್ಥಿಗಳ ತಟ್ಟೆಗೂ ಇದು ಅನ್ವಯಿಸುವುದೆಂದು ನನಗೆ ಹೊಳೆದದ್ದು ತೀರ ತಡವಾಗಿ.

ಒಂದು ವಿದ್ಯಾರ್ಥಿನಿಲಯದ ಆಡಳಿತ ಸಮಿತಿಯಲ್ಲಿದ್ದಾಗ, ತಟ್ಟೆಗಳಲ್ಲಿ ಅನ್ನ ಉಳಿಯುವುದನ್ನು ಕಂಡು, ಎಲ್ಲರಿಗೂ ಒಂದೇ ಸೌಟು ಎಂಬ ನಿಯಮ ಮಾಡಿಸಿದೆ. ಲೆಕ್ಕಪತ್ರಕ್ಕೂ ಅನುಕೂಲ! ಮಿತವಾಗಿ ಉಣ್ಣುವುದು ತಪಸ್ಸೆಂದು ಹುಡುಗರಿಗೆ ಉಪದೇಶವನ್ನೂ ಮಾಡಿದೆ. ಅಡುಗೆಯಾಕೆ ಒಂದು ದಿನ ಕೇಳಿದಳು: “ಸಾಹುಕಾರ್ರ, ಐದನೇತ್ತೆ ಹುಡುಗಗೂ ಹತ್ತನೇತ್ತೆ ಹುಡುಗಗೂ ಒಂದ ಅಳತಿ ಅಂಗಿ ಹೊಲಸ್ತೀರೇನ್ರಿ?” ನನಗೆ ಉತ್ತರ ತೋಚಲಿಲ್ಲ.

ಅವಮೌದರ್ಯವು ಬಾಹ್ಯತಪಗಳಲ್ಲೊಂದು, ನಿಜ. ಆದರೆ ತಾನಾಗಿ ಬಿಟ್ಟರೆ ಮಾತ್ರ ಅದು ತಪಸ್ಸು. ಬೆಳೆಯುವ ಹುಡುಗನ ಕೈಯಿಂದ ನಾನು ಬಿಡಿಸಿದರೆ ಅದಕ್ಕೆ ಬೇರೆಯೇ ಹೆಸರಿದೆ. ಅದರಲ್ಲೂ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುವ ನಮ್ಮ ನಿಲಯಗಳಲ್ಲಿ ಮರುದಿನದ ಉಪಾಹಾರಕ್ಕೆ ಹದಿಮೂರು ಹದಿನಾಲ್ಕು ಗಂಟೆಗಳ ಅಂತರ. ರಾತ್ರಿಭೋಜನ ತ್ಯಾಗವನ್ನು ಮಕ್ಕಳಿಂದ ಪಾಲಿಸಿಸುವವರು ಹಗಲಿನ ಊಟದಲ್ಲಿ ಕೈ ಹಿಡಿಯುವುದು ನ್ಯಾಯವೇ?

ಸರ್ಕಾರದ ಬಿಸಿಯೂಟದಲ್ಲಿ ಈ ವಿವೇಚನೆಯಿದೆ. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹವೆಂದು ಆರಂಭವಾದ ಈ ಯೋಜನೆಯ ಮಾನದಂಡದಂತೆ, ಐದನೆಯ ತರಗತಿಯವರೆಗೆ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ; ಆರರಿಂದ ಎಂಟರವರೆಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ. ಚಿಕ್ಕವರಿಗೆ 12 ಗ್ರಾಂ, ದೊಡ್ಡವರಿಗೆ 20 ಗ್ರಾಂ ಪ್ರೋಟೀನು ಸಿಗಬೇಕೆಂಬುದು ಗುರಿ. ನೂರು ಗ್ರಾಂ ಅಕ್ಕಿಯಿಂದ ಸುಮಾರು 7 ಗ್ರಾಂ ಬಂದರೆ, ಇಪ್ಪತ್ತು ಗ್ರಾಂ ತೊಗರಿಬೇಳೆಯಿಂದ 4 ಗ್ರಾಂ. ಬೇಳೆಗೆ ನೀರು ಬೆರೆಸಿದರೆ ಸೌಟು ತುಂಬಿಯೇ ಇರುತ್ತದೆ, ತೂಕದಲ್ಲಿ ಮೋಸವಿರುತ್ತದೆ. ಹೀನಾಧಿಕಮಾನೋನ್ಮಾನವು ಅಚೌರ್ಯವ್ರತದ ಅತಿಚಾರವೆಂದು ವ್ಯಾಪಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಮೊಟ್ಟೆಯ ಪ್ರಶ್ನೆ. 2021ರಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಎಂದಾದಾಗ ನಮ್ಮ ಸಮಾಜದಲ್ಲಿಯೂ ಬೇಸರದ ಮಾತು ಕೇಳಿಬಂತು. ನನ್ನ ಮನೆಗೆ ಮೊಟ್ಟೆ ಬಾರದು. ನಮ್ಮ ನಿಲಯಗಳಿಗೂ ಬಾರದು. ಆದರೆ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಆಸುಪಾಸು. ಬೇಡವೆಂದವರ ಖಾತೆಗೆ ಉಳಿದ ಐದು ಗ್ರಾಂ ಸಾಲವಾಗಿ ಬೀಳುವುದಿಲ್ಲವೇ? ಇಪ್ಪತ್ತು ಗ್ರಾಂ ಶೇಂಗಾದಿಂದ ಅದು ತೀರುತ್ತದೆ. ಹಬ್ಬ ಉತ್ಸವಗಳಿಗೆ ಧಾರಾಳವಾಗಿ ವೆಚ್ಚಮಾಡುವ ಟ್ರಸ್ಟುಗಳಿಗೆ ಒಂದು ಮೂಟೆ ಶೇಂಗಾ ಭಾರವಾಗಲಾರದು.

ಆ ನಿಲಯದಲ್ಲಿ ಕೊನೆಗೆ ಮೊದಲು ಸ್ವಲ್ಪ ಬಡಿಸಿ, ಆಮೇಲೆ ಕೇಳಿದಷ್ಟು ಬಡಿಸುವ ಪದ್ಧತಿ ತಂದೆವು. ಎಸೆಯುವ ಅನ್ನ ಕಡಿಮೆಯಾಯಿತು, ಬೇಳೆಯ ಖರ್ಚು ಏರಿತು. ಖಜಾಂಚಿಯವರು ಕಾರಣ ಕೇಳಿದಾಗ ಅಡುಗೆಯಾಕೆಯ ಅಂಗಿಯ ಮಾತನ್ನೇ ಅವರಿಗೂ ಹೇಳಿದೆ.