ಯಾರ ತಲೆಗೆ ಈ ಕುಲಾವಿ?

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಆದಂತೆ ಅದು ನಿಂತಾಗಲೇ ದಿಗಿಲು. ಇಲ್ಲಿ ನೇಯ್ದ ಸೀರೆಯನ್ನು ಯಾರು ಉಡುತ್ತಾರೆಂದು ನೇಯ್ದವರಿಗೆ ಗೊತ್ತಿರುವುದಿಲ್ಲ. ಕೂಲಿ ಕೈಸೇರುತ್ತದೆ, ಸೀರೆ ಹೊರಟುಹೋಗುತ್ತದೆ. ಇದೇ ಊರಿನಲ್ಲಿ, ಮಾಗಿಯ ಚಳಿ ಹತ್ತಿರವಾದಾಗ, ಎರಡು ಕಡ್ಡಿ, ಒಂದು ಉಲ್ಲನ್ ಉಂಡೆ ಹಿಡಿದು ಎಳೆಮಗುವಿಗೆ ಕುಲಾವಿ ಹೆಣೆಯುವವರೂ ಇದ್ದಾರೆ. ಅಂಗಡಿಯಲ್ಲಿ ಅದಕ್ಕಿಂತ ಅಗ್ಗದ, ಅಂದದ ಕುಲಾವಿ ಸಿಗುತ್ತದೆ. ಆದರೂ ಹೆಣೆಯುವುದೇಕೆ?

ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು, ಮಗ್ಗ ಬೇಕು. ಹೆಣಿಗೆಗೆ ಒಂದೇ ಎಳೆ ಸಾಕು. ಅದು ತನ್ನದೇ ಕುಣಿಕೆಗಳೊಳಗೆ ತೂರುತ್ತಾ ಬಟ್ಟೆಯಾಗುತ್ತದೆ. ತಪ್ಪಿದರೆ ಬಿಚ್ಚಬಹುದು. ಮಗು ಬೆಳೆದ ಮೇಲೆ ಅದೇ ನೂಲಿನಲ್ಲಿ ಬೇರೊಂದನ್ನು ಹೆಣೆಯಬಹುದು. ಮುರಿದ ಬದುಕನ್ನು ಮತ್ತೆ ಜೋಡಿಸಿಕೊಳ್ಳುವವರ ಕೈಗೆ ಈ ಕೆಲಸ ಒಗ್ಗುವುದು ಇದಕ್ಕೇ ಇರಬಹುದು.

ನನ್ನ ದೊಡ್ಡಮ್ಮ ಕಡ್ಡಿ ಹಿಡಿದದ್ದು ದೊಡ್ಡಪ್ಪ ತೀರಿಕೊಂಡ ವರ್ಷ. ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಅಲ್ಲಿಗೊಂದು ಕುಲಾವಿ ಹೋಗುತ್ತಿತ್ತು. "ಪಾಪ, ಅವರಿಗೂ ಹೊತ್ತು ಹೋಗಬೇಕಲ್ಲ" ಎಂದರು ನೆಂಟರು. ತತ್ವಶಾಸ್ತ್ರ ಓದುವ ನನಗೆ ಆ ಮಾತಿನಲ್ಲೊಂದು ಹಳೆಯ ಪ್ರಶ್ನೆ ಕಂಡಿತು: ಕೊಡುವವರಿಗೇ ನೆಮ್ಮದಿ ಸಿಗುವುದಾದರೆ ಅದು ಕೊಡುಗೆಯೋ, ಸ್ವಾರ್ಥವೋ?

ಸ್ವಾರ್ಥ ಎನ್ನಲು ಮನಸ್ಸೊಪ್ಪುವುದಿಲ್ಲ. ದುಃಖ ನಮ್ಮನ್ನು ನಮ್ಮೊಳಗೇ ಕಟ್ಟಿಹಾಕುತ್ತದೆ. ಕುಲಾವಿ ಹೆಣೆಯುವವರು ಮಗುವಿನ ತಲೆಯ ಅಳತೆ ನೆನಪಿಡಬೇಕು. ಕಿವಿ ಮುಚ್ಚೀತೇ, ದಾರ ಗಲ್ಲಕ್ಕೆ ಒತ್ತೀತೇ ಎಂದು ಯೋಚಿಸಬೇಕು. ಅಷ್ಟು ಹೊತ್ತು ಮನಸ್ಸು ಇನ್ನೊಬ್ಬರ ಬಳಿ ಇರುತ್ತದೆ. ಸಮಾಧಾನ ಅದರ ಹಿಂದೆ ಬರುತ್ತದೆ. ಸಮಾಧಾನವನ್ನೇ ಹುಡುಕಿ ಹೊರಟಿದ್ದರೆ ಬರುತ್ತಿತ್ತೋ ಇಲ್ಲವೋ.

ಪಡೆದವರು ಅದನ್ನು ಮೂಲೆಗೆಸೆದರೆ? ಇಲ್ಲಿ ನೇಕಾರ ವಚನಕಾರ ಜೇಡರ ದಾಸಿಮಯ್ಯನ ಕಥೆ ನೆನಪಾಗುತ್ತದೆ. ಆತ ಬಹುಕಾಲ ದುಡಿದು ನೇಯ್ದ ವಸ್ತ್ರವನ್ನು ಜಂಗಮ ವೇಷದಲ್ಲಿ ಬಂದ ಶಿವ ಕೇಳಿ ಪಡೆದು, ಕಣ್ಣೆದುರೇ ಹರಿದುಹಾಕಿದನಂತೆ. ದಾಸಿಮಯ್ಯ ಸಿಟ್ಟಾಗಲಿಲ್ಲ. ಮೆಚ್ಚಿದ ಶಿವ ಎಂದೂ ಬರಿದಾಗದ ತವನಿಧಿ ಕೊಟ್ಟನಂತೆ. ತವನಿಧಿಯನ್ನು ಬದಿಗಿಟ್ಟರೂ ಕಥೆಯ ತಿರುಳು ಉಳಿಯುತ್ತದೆ: ಕೊಟ್ಟ ಮೇಲೆ ವಸ್ತ್ರ ಪಡೆದವರದು. ಕೊಡುವಾಗ ಇದ್ದ ಅಕ್ಕರೆಯನ್ನು ಮಾತ್ರ ಯಾರೂ ಹರಿಯಲಾರರು.

ಹಾಗೆಂದು ಈ ಉಪದೇಶವನ್ನು ಕೂಲಿಗೆ ನೇಯುವವರ ಮುಂದೆ ಇಡುವಂತಿಲ್ಲ. ಅವರ ಮನೆಯಲ್ಲಿ ತವನಿಧಿಯಿಲ್ಲ. ಅವರಿಗೆ ಸಲ್ಲಬೇಕಾದದ್ದು ನ್ಯಾಯವಾದ ಕೂಲಿ. ಉಡುಗೊರೆಯ ನೀತಿ ಬೇರೆ, ದುಡಿಮೆಯ ನೀತಿ ಬೇರೆ. ಆದರೂ ಒಂದು ಪುಟ್ಟ ಕುಲಾವಿ ಎಷ್ಟು ಸಂಜೆಗಳನ್ನು ಕೇಳುತ್ತದೆಂದು ಕಂಡವರು, ಸೀರೆ ಅಂಗಡಿಯಲ್ಲಿ ಚೌಕಾಸಿಗೆ ಇಳಿಯುವ ಮುನ್ನ ಮಗ್ಗದ ಮುಂದೆ ನಿಂತವರನ್ನು ಒಮ್ಮೆ ನೆನೆದಾರು.