ಯಾರ ಪಾಪಕ್ಕೆ ಮಳೆ ಹೋಯಿತು?

ಮಳೆ ಕೈಕೊಟ್ಟ ವರ್ಷ ಊರು ಮೊದಲು ಹುಡುಕುವುದು ತಪ್ಪು ಯಾರದೆಂದು. ದೇವರ ಹರಕೆ ಬಾಕಿ ಉಳಿಯಿತೆ? ನಡೆ ಕೆಟ್ಟವರು ಯಾರು? ತೊನ್ನಿದ್ದವರನ್ನು ಹೂತರೆ ಮಳೆ ಹೋಗುತ್ತದೆಂದು ನಂಬಿ, ಗೋರಿ ಅಗೆದು ಹೆಣ ಸುಟ್ಟ ಸುದ್ದಿಗಳನ್ನು ನಮ್ಮ ನಾಡಿನಿಂದಲೇ, ಈ ಕಾಲದಲ್ಲೇ ಓದಿದ್ದೇವೆ. ಬದುಕಿದ್ದಾಗ ಜನ ದೂರವಿಟ್ಟ ಜೀವಕ್ಕೆ ಸತ್ತ ಮೇಲೂ ಬಿಡುಗಡೆಯಿಲ್ಲ.

ಮಳೆ ಹೋದದ್ದರ ಕಾರಣವನ್ನು ಬೇರೆಡೆ ಹುಡುಕಿದವರೂ ಇದ್ದರು. ಬ್ರಿಟಿಷ್ ಗಣಿತಜ್ಞ ಗಿಲ್ಬರ್ಟ್ ವಾಕರ್ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಹೊಣೆ ಹೊತ್ತರು. ಮುಂಗಾರು ಏಕೆ ತಪ್ಪುತ್ತದೆಂದು ಲೋಕದ ನಾನಾ ಮೂಲೆಗಳ ಅಂಕಿಗಳನ್ನು ತಾಳೆ ನೋಡುತ್ತ ಹೋದವರಿಗೆ ಕಂಡದ್ದು ಇದು: ಹಿಂದೂ ಮಹಾಸಾಗರದ ಕಡೆ ಗಾಳಿಯ ಒತ್ತಡ ಏರಿದಾಗ ದೂರದ ಪೆಸಿಫಿಕ್‌ನಲ್ಲಿ ಇಳಿಯುತ್ತದೆ, ಅಲ್ಲಿ ಏರಿದರೆ ಇಲ್ಲಿ ಇಳಿಯುತ್ತದೆ. ಒತ್ತಡದ ಈ ತೂಗಾಟದಲ್ಲಿ ಪೆಸಿಫಿಕ್‌ನ ಮೂಡಣ ಗಾಳಿ ಸೋತಾಗ ಬೆಚ್ಚನೆಯ ನೀರು ಪೆರು ದೇಶದತ್ತ ಸರಿಯುತ್ತದೆ, ಮೋಡ ಕಟ್ಟುವ ಜಾಗವೂ ಅದರ ಹಿಂದೆಯೇ ಹೋಗುತ್ತದೆ. ಅದೇ ಎಲ್ ನಿನೊ. ಆಗ ಹಲವು ಸಲ ನಮ್ಮ ಮೇಲೆ ಗಾಳಿ ಕೆಳಗಿಳಿಯುತ್ತದೆ, ಮೋಡಕ್ಕೆ ಮೇಲೇಳಲು ಬಿಡುವುದಿಲ್ಲ. ಬಾನು ಬರಿದಾಗಿ ನೆಲ ಕಾಯುತ್ತದೆ.

ಇದನ್ನು ಅರಿತಾಗ ನನಗೆ ಮೊದಲು ಆದದ್ದು ಸಮಾಧಾನ. ಗೋರಿಯಲ್ಲಿ ಮಲಗಿದವರು ನಿರಪರಾಧಿಗಳು. ಆದರೆ ಆ ಸಮಾಧಾನ ಧಾತು-ಈಶ್ವರ ಸಂವತ್ಸರಗಳ ಬರದ ಮುಂದೆ ನಿಲ್ಲುವುದಿಲ್ಲ. 1876-78ರ ಆ ಕ್ಷಾಮದ ಹಿಂದೆಯೂ ಬಲವಾದ ಎಲ್ ನಿನೊ ಇತ್ತು. ಮೈಸೂರು ಸೀಮೆ ಸುಮಾರು ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿತು. ಅದೇ ಹೊತ್ತಿನಲ್ಲಿ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಹೊರುವವರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ ಸಾಕೆಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಕಟ್ಟು ಮಾಡಿದ. ಮಳೆಯನ್ನು ತಡೆದದ್ದು ಕಡಲು. ಅನ್ನವನ್ನು ತಡೆದದ್ದು ಕಡಲಲ್ಲ.

ಕಡಲಿನ ಮಾತೂ ವಿಧಿಯಲ್ಲ. 1997ರಲ್ಲಿ ಶತಮಾನದ ಅತಿ ಬಲಿಷ್ಠ ಎಲ್ ನಿನೊಗಳಲ್ಲಿ ಒಂದು ಎದ್ದಿತ್ತು; ದೇಶದ ಮುಂಗಾರು ವಾಡಿಕೆಯಷ್ಟೇ ಸುರಿಯಿತು. ಆ ವರ್ಷ ಹಿಂದೂ ಮಹಾಸಾಗರದ ಪಡುವಣ ಭಾಗ ಕಾದು, ಸುಮಾತ್ರದ ಕಡೆ ತಣ್ಣಗಾಗಿತ್ತು. ದೂರದ ಕಡಲು ಕಿತ್ತುಕೊಳ್ಳಬೇಕಿದ್ದ ಮಳೆಯನ್ನು ಹತ್ತಿರದ ಕಡಲು ಉಳಿಸಿಕೊಟ್ಟಿತೆಂದು ಹಲವು ವಿಜ್ಞಾನಿಗಳ ಎಣಿಕೆ. ಅಂದರೆ ಎಲ್ ನಿನೊ ಬರದ ಸಂಭವವನ್ನು ಹೆಚ್ಚಿಸುತ್ತದೆ, ಬರವನ್ನು ಬರೆದಿಡುವುದಿಲ್ಲ.

ಸಂಭವ ತಿಳಿದವರ ಹೊಣೆ ಯಾವುದು ಎಂಬುದೇ ಈಗ ನನ್ನನ್ನು ಕಾಡುವ ಪ್ರಶ್ನೆ. 2023ರ ಮುಂಗಾರಿನಲ್ಲಿ ಎಲ್ ನಿನೊ ಎದ್ದೀತೆಂದು ಹವಾಮಾನ ಇಲಾಖೆ ಏಪ್ರಿಲ್‌ನಲ್ಲೇ ಹೇಳಿತ್ತು. ದೇಶಕ್ಕೆ ಆ ವರ್ಷದ್ದು 1901ರಿಂದೀಚಿನ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದ 223 ತಾಲ್ಲೂಕುಗಳು ಬರದ ಪಟ್ಟಿ ಸೇರಿದವು. ಏಪ್ರಿಲ್‌ಗೂ ಆಗಸ್ಟ್‌ಗೂ ನಡುವೆ ಎಷ್ಟು ಕೆರೆಗಳ ಹೂಳು ತೆಗೆದೆವು, ಎಷ್ಟು ಮೇವು ಕೂಡಿಟ್ಟೆವು, ಎಷ್ಟು ರೈತರಿಗೆ ಆ ಮುನ್ಸೂಚನೆ ಅವರ ಮಾತಿನಲ್ಲಿ ತಲುಪಿತು?